ತೆಕ್ಕೆಯ ಚಿಕ್ಕಪ್ಪ

ನೈರೋಬಿಯ ಕಿಲಿಮಾನಿ ಬಡಾವಣೆಯ ನಮ್ಮ ಕಟ್ಟಡದಲ್ಲಿ ಬಹಳ ವರ್ಷ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗೇಟು ಕಾಯುವವನ ಪಾಲಿಗೆ ನಾನು ‘ಡಕ್ತಾರಿ’. ಔಷಧ ಕಾರ್ಖಾನೆಯಲ್ಲಿ ಕೆಲಸ ಎಂದು ಬಂದ ಹೊಸದರಲ್ಲಿ ಒಮ್ಮೆ ಹೇಳಿದ್ದೆ, ಅವನು ನನ್ನನ್ನು ಡಾಕ್ಟರನ್ನಾಗಿಯೇ ಮಾಡಿಬಿಟ್ಟ. ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ಬೆಳಿಗ್ಗೆ ಕಂಪನಿಯ ವ್ಯಾನು ಬಂದು ಎಂಬಕಸಿ ಕಡೆಯ ಕಾರ್ಖಾನೆಗೆ ಒಯ್ಯುತ್ತಿತ್ತು. ಮಾತ್ರೆಗಳು ನೀರಿನಲ್ಲಿ ಎಷ್ಟು ಬೇಗ ಕರಗುತ್ತವೆ ಎಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಸಂಜೆ ಅದೇ ವ್ಯಾನು, ಅದೇ ಟ್ರಾಫಿಕ್ಕು. ಮನೆಗೆ ಬಂದು ಅನ್ನಕ್ಕಿಟ್ಟು ಮೈಸೂರಿನಲ್ಲಿರುವ ಅಕ್ಕನಿಗೆ ಫೋನು ಮಾಡುತ್ತಿದ್ದೆ. ‘ಊಟ ಆಯ್ತಾ?’ ‘ಆಯ್ತು, ನಿಂದು?’ ಇಷ್ಟಾದರೆ ದಿನ ಮುಗಿಯಿತು.

ನಾನು ಮದುವೆಯಾಗಲಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ಅಪ್ಪ ಬೇಗ ಹೋದರು, ಅಕ್ಕಂದಿರ ಮದುವೆಗಳು ಒಂದಾದ ಮೇಲೆ ಒಂದು ಆದವು, ಅಮ್ಮನ ಕಾಯಿಲೆ ಕೆಲವು ವರ್ಷ ತೆಗೆದುಕೊಂಡಿತು. ಆಮೇಲೆ ನೋಡಿದರೆ ನನಗಾಗಿ ಹೆಣ್ಣು ಹುಡುಕುವವರು ಯಾರೂ ಉಳಿದಿರಲಿಲ್ಲ, ನನಗೂ ಆ ಹುರುಪು ಇರಲಿಲ್ಲ. ನೈರೋಬಿಯ ಕನ್ನಡದವರು ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುವಾಗ ಮೊದಮೊದಲು ಹೋಗುತ್ತಿದ್ದೆ. ‘ಸರ್, ಫ್ಯಾಮಿಲಿ ಊರಲ್ಲೇನಾ?’ ಎಂದು ಶುರುವಾಗುತ್ತಿತ್ತು. ಇಲ್ಲ ಎಂದರೆ ಮಾತು ತಡವರಿಸುತ್ತಿತ್ತು. ಹೊರಡುವಾಗ ಯಾರಾದರೂ ಹೆಂಗಸರು ಮಿಕ್ಕ ಬಿಸಿಬೇಳೆಬಾತನ್ನು ಡಬ್ಬಿಗೆ ತುಂಬಿ, ‘ತಗೊಂಡ್ಹೋಗಿ ಸರ್, ನಿಮಗ್ಯಾರು ಮಾಡಾಕ್ತಾರೆ ಪಾಪ’ ಎನ್ನುತ್ತಿದ್ದರು. ಅವರ ಮನಸ್ಸು ಒಳ್ಳೆಯದೇ. ಆದರೆ ಆ ‘ಪಾಪ’ ಎಂಬ ಮಾತು ಡಬ್ಬಿಯ ಜೊತೆ ಮನೆತನಕ ಬರುತ್ತಿತ್ತು. ಕ್ರಮೇಣ ಹೋಗುವುದನ್ನು ಬಿಟ್ಟೆ.

ಮೇಲಿನ ಮನೆಯ ಮುದುಕರು ನನಗೆ ಸಿಕ್ಕಿದ್ದು ಮೆಟ್ಟಿಲ ಮೇಲೆ. ಒಂದು ಭಾನುವಾರ ಕರೆಂಟು ಹೋಗಿತ್ತು, ಜನರೇಟರಿಗೆ ಡೀಸೆಲ್ ಇರಲಿಲ್ಲ, ಲಿಫ್ಟ್ ನಿಂತಿತ್ತು. ನಾನು ತರಕಾರಿ ಚೀಲ ಹಿಡಿದು ಹತ್ತುತ್ತಿದ್ದಾಗ, ಉದ್ದನೆಯ ಮೂಗಿನ, ಕೋಟು ಹಾಕಿದ ಬಿಳಿಯ ಮುದುಕರೊಬ್ಬರು ಕಿತ್ತಳೆ ಹಣ್ಣಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಹುಷಾರಿಲ್ಲವೇನೋ ಎಂದು ನಿಂತೆ.

ಅವರು ತಲೆಯೆತ್ತಿ ಇಂಗ್ಲಿಷಿನಲ್ಲಿ, ‘ಗಾಬರಿಯಾಗದಿರಿ. ನಾನು ಕಾಯಿಲೆಯಿಂದಾಗಿ ಕುಳಿತಿಲ್ಲ, ವಯಸ್ಸಿನಿಂದಾಗಿ ಕುಳಿತಿದ್ದೇನೆ’ ಎಂದರು.

ಅವರ ಇಂಗ್ಲಿಷ್ ಹಾಗೆ. ಒಂದೊಂದು ವಾಕ್ಯವೂ ಹಳೆಯ ಪಠ್ಯಪುಸ್ತಕದಿಂದ ಎದ್ದು ಬಂದ ಹಾಗೆ ಪೂರ್ತಿಯಾಗಿ, ಇಸ್ತ್ರಿ ಮಾಡಿಕೊಂಡು ಬರುತ್ತಿತ್ತು. ಅವರು ಅಲ್ಬೇನಿಯಾದವರು. ದಕ್ಷಿಣದ ಒಂದು ಗುಡ್ಡಗಾಡು ಊರಿನ ಶಾಲೆಯಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಮೇಷ್ಟರಾಗಿದ್ದವರು. ಹೊರಗಿನವರು ಯಾರೂ ಸುಲಭವಾಗಿ ಒಳಗೆ ಬಾರದ, ಒಳಗಿನವರು ಹೊರಗೆ ಹೋಗಲಾಗದ ಕಾಲದಲ್ಲಿ ಆ ಭಾಷೆಯನ್ನು ಕಲಿಸಿದವರು. ‘ನಾನು ಕಲಿಸುತ್ತಿದ್ದ ಭಾಷೆಯನ್ನು ಮಾತಾಡಲು ನನಗೆ ಅರ್ಧ ಆಯುಷ್ಯ ಯಾರೂ ಸಿಕ್ಕಿರಲಿಲ್ಲ’ ಎಂದು ಆಮೇಲೊಮ್ಮೆ ಹೇಳಿದರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ನೈರೋಬಿಗೆ ಬಂದಿದ್ದರು. ಮಗಳು ಪರಿಹಾರ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದಳು. ಗಡಿಯ ಕಡೆ, ಬರಗಾಲದ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮುದುಕರು ನನ್ನ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬರೇ ಇರುತ್ತಿದ್ದರು. ಗೇಟಿನವನಿಗೂ ಮೂಲೆಯ ತರಕಾರಿ ಹೆಂಗಸಿಗೂ ಅವರು ‘ಮ್ಜೇ’, ಅಂದರೆ ಹಿರಿಯರು. ನಾನೂ ಹಾಗೇ ಕರೆಯತೊಡಗಿದೆ. ಅವರು ನನ್ನನ್ನು ‘ಪ್ರಿಯ ನೆರೆಯವರೇ’ ಎನ್ನುತ್ತಿದ್ದರು, ಪತ್ರಲೇಖನದ ಪಾಠದಲ್ಲಿ ಹೇಳಿಕೊಟ್ಟ ಹಾಗೆ.

ಅಂದಿನಿಂದ ಭಾನುವಾರದ ಮಧ್ಯಾಹ್ನಗಳು ಬದಲಾದವು. ನಾನು ಫಿಲ್ಟರ್ ಕಾಫಿ ಮಾಡಿಕೊಂಡು ತಾರಸಿಗೆ ಒಯ್ಯುತ್ತಿದ್ದೆ, ಅವರು ಒಣಹಣ್ಣು ತರುತ್ತಿದ್ದರು. ಬಟ್ಟೆ ಒಣಹಾಕುವ ತಂತಿಗಳ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಮೋಡವಿಲ್ಲದ ದಿನ ದೂರದಲ್ಲಿ ಎನ್‌ಗಾಂಗ್ ಬೆಟ್ಟಗಳು ಕಾಣುತ್ತಿದ್ದವು. ಬೆಟ್ಟ ಕಂಡ ದಿನ ಅವರಿಗೆ ಮಾತು ಹೆಚ್ಚು.

ಅಂಥ ಒಂದು ದಿನವೇ ಅವರು ಕೇಳಿದ್ದು. ‘ನೀವು ಮದುವೆಯಾಗಿಲ್ಲ. ಕುಡಿಯುವುದಿಲ್ಲ. ನಿಮ್ಮ ಮನೆಗೆ ಯಾರೂ ಬರುವುದಿಲ್ಲ. ಕ್ಷಮಿಸಿ, ನೀವು ದರ್ವೇಶಿಯೇ?’

ನಾನು ನಕ್ಕುಬಿಟ್ಟೆ. ಇಷ್ಟು ವರ್ಷ ಎಲ್ಲರೂ ಕೇಳುತ್ತಿದ್ದದ್ದು ‘ಯಾಕೆ ಆಗಲಿಲ್ಲ’ ಎಂದು. ಅದು ಏನೋ ಕಳೆದುಕೊಂಡವನನ್ನು ಕೇಳುವ ಪ್ರಶ್ನೆ. ಇವರು ಕೇಳಿದ್ದು, ನಾನೇ ಏನನ್ನೋ ಆರಿಸಿಕೊಂಡೆನೇನೋ ಎಂಬಂತಿತ್ತು.

‘ಅಲ್ಲ ಮ್ಜೇ. ಸುಮ್ಮನೆ ಒಬ್ಬನೇ ಇದ್ದೇನೆ, ಅಷ್ಟೇ.’

‘ನನ್ನ ಚಿಕ್ಕಪ್ಪ ದರ್ವೇಶಿಯಾಗಿದ್ದರು’ ಎಂದರು ಅವರು. ‘ರಕ್ತಸಂಬಂಧವಿಲ್ಲ. ಆದರೆ ನಮ್ಮ ಮನೆಯಲ್ಲೇ ಬದುಕಿ ನಮ್ಮ ಮನೆಯಲ್ಲೇ ಸತ್ತರು.’

ಅವರ ಊರಿನ ಮೇಲಿನ ಗುಡ್ಡದಲ್ಲಿ ಬೆಕ್ತಾಶಿ ಎಂಬ ಸೂಫಿ ಪಂಥದ ದರ್ವೇಶಿಗಳ ಒಂದು ನೆಲೆಯಿತ್ತು. ಅದಕ್ಕೆ ತುರ್ಕಿಯವರ ಬಾಯಲ್ಲಿ ‘ತೆಕ್ಕೆ’ ಎನ್ನುತ್ತಾರೆ ಎಂದರು; ಅವರ ಭಾಷೆಯಲ್ಲೂ ಹೆಚ್ಚುಕಡಿಮೆ ಅದೇ ಪದ. ನಮ್ಮ ಭಾಷೆಯಲ್ಲಿ ತೆಕ್ಕೆ ಎಂದರೆ ಅಪ್ಪುಗೆ ಎಂದು ನಾನು ಹೇಳಿದೆ. ಅವರು ಆ ಪದವನ್ನು ತಮ್ಮೊಳಗೇ ಎರಡು ಮೂರು ಸಲ ಹೇಳಿಕೊಂಡು, ‘ತಪ್ಪಲ್ಲ, ತಪ್ಪಲ್ಲ’ ಎಂದು ತಲೆದೂಗಿದರು.

ಆ ನೆಲೆಗಳ ಚರಿತ್ರೆಯನ್ನು ಅವರು ತರಗತಿಯಲ್ಲಿ ಪಾಠ ಹೇಳುವ ಹಾಗೆ ಹೇಳಿದರು. ತುರ್ಕರ ಸೈನ್ಯ ಬಾಲ್ಕನ್ ಗುಡ್ಡಗಳನ್ನು ಹತ್ತಿದ ಕಾಲದಲ್ಲಿ, ಅದರ ಜೊತೆಗೂ ಹಿಂದೆಯೂ ದರ್ವೇಶಿಗಳು ಬಂದರಂತೆ. ಊರ ನಡುವೆ ನಿಲ್ಲದೆ ಊರಾಚೆಯ ದಿಬ್ಬಗಳಲ್ಲಿ, ನೀರಿನ ಒರತೆಯಿರುವ ಕಡೆ ಕಲ್ಲಿನ ಮನೆ ಕಟ್ಟಿಕೊಂಡರು. ದ್ರಾಕ್ಷಿ ನೆಟ್ಟರು, ಜೇನು ಸಾಕಿದರು. ಮುಖ್ಯಸ್ಥನಿಗೆ ‘ಬಾಬಾ’ ಎಂದು ಹೆಸರು. ದರ್ವೇಶಿಗಳಲ್ಲಿ ಕೆಲವರು ಮದುವೆಯಾಗುವುದಿಲ್ಲವೆಂದು ಮಾತು ಕೊಟ್ಟು ಕಿವಿಗೆ ಓಲೆ ಹಾಕಿಸಿಕೊಳ್ಳುತ್ತಿದ್ದರು. ಬಂದವನು ಮುಸಲ್ಮಾನನೋ ಕ್ರೈಸ್ತನೋ ಕೇಳದೆ ಊಟಕ್ಕಿಡುತ್ತಿದ್ದರು. ಅಲ್ಬೇನಿಯನ್ ಭಾಷೆಯಲ್ಲಿ ಓದು ಬರಹ ಕಲಿಸುವುದನ್ನೇ ಸರ್ಕಾರ ಸಹಿಸದಿದ್ದ ಕಾಲದಲ್ಲಿ ಕೆಲವು ತೆಕ್ಕೆಗಳಲ್ಲಿ ಗುಟ್ಟಾಗಿ ಅಕ್ಷರ ಕಲಿಸಿದರು. ಮುಂದೆ ತುರ್ಕಿಯಲ್ಲಿ ಗಣರಾಜ್ಯ ಬಂದು ಅಲ್ಲಿನ ತೆಕ್ಕೆಗಳಿಗೆಲ್ಲ ಬೀಗ ಹಾಕಿದಾಗ, ಪಂಥದ ಹಿರಿಯ ಪೀಠವೇ ಅಲ್ಬೇನಿಯಾಕ್ಕೆ ಬಂತು.

‘ನಮ್ಮಲ್ಲಿ ಸುರಕ್ಷಿತವಾಗಿರುತ್ತದೆ ಎಂದುಕೊಂಡರು’ ಎಂದು ಹೇಳಿ ಅವರು ಕಾಫಿ ಲೋಟ ಕೆಳಗಿಟ್ಟರು.

ನನಗೆ ಇದೆಲ್ಲ ಅಪರಿಚಿತ ಅನ್ನಿಸಲಿಲ್ಲ. ನಾನು ಹೈಸ್ಕೂಲು ಓದಿದ್ದು ಒಂದು ಮಠದ ಉಚಿತ ಹಾಸ್ಟೆಲಿನಲ್ಲಿ. ಸಾಲಾಗಿ ಹಾಕಿದ ನೂರಾರು ಎಲೆ, ಬಕೆಟ್ಟಿನಲ್ಲಿ ಬರುವ ಸಾಂಬಾರು, ಉಗ್ರಾಣದ ಚಿಲಕ ತೆಗೆಯುವ ಸದ್ದು, ಇವೆಲ್ಲ ಗೊತ್ತಿದ್ದವು. ಅಲ್ಲಿನ ಸ್ವಾಮಿಗಳಿಗೂ ಸಂಸಾರವಿರಲಿಲ್ಲ. ಆದರೆ ಅವರನ್ನು ಒಂಟಿ ಎಂದು ಯಾರೂ ಅಂದದ್ದಿಲ್ಲ. ‘ಬಾಬಾ’ ಎಂದಾಗಲೂ ನನಗೆ ನಮ್ಮ ಕಡೆ ಹಳ್ಳಿಗಳಲ್ಲಿ ಮಾಡುತ್ತಿದ್ದ ಬಾಬಯ್ಯನ ಹಬ್ಬ ನೆನಪಾಯಿತು. ಮೊಹರಮ್ಮಿಗೆ ನಮ್ಮಜ್ಜಿ ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು, ಅದು ಯಾರ ಧರ್ಮದ್ದು ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಆದರೆ ಅಲ್ಬೇನಿಯಾದಲ್ಲೂ ಆ ಪಂಥ ಸುರಕ್ಷಿತವಾಗಿರಲಿಲ್ಲ. ಮುದುಕರದು ಆಗ ಶಾಲೆಗೆ ಹೋಗುವ ವಯಸ್ಸು. ದೇಶದಲ್ಲಿ ಧರ್ಮ ಎಂಬುದೇ ಇರಕೂಡದು ಎಂದು ಸರ್ಕಾರ ತೀರ್ಮಾನಿಸಿತು. ಮಸೀದಿ, ಚರ್ಚು, ತೆಕ್ಕೆ ಎಲ್ಲವನ್ನೂ ಮುಚ್ಚಿಸಿದರು. ಅವರ ಊರಿನಲ್ಲಿ ಮಕ್ಕಳನ್ನೆಲ್ಲ ಸಾಲು ಮಾಡಿ, ಡೋಲು ಬಾರಿಸಿಕೊಂಡು ಗುಡ್ಡ ಹತ್ತಿಸಿದರಂತೆ. ಅಂಗಳದಲ್ಲಿ ಸ್ಟೂಲು ಹಾಕಿ, ಊರಿನ ಕ್ಷೌರಿಕನಿಂದ ದರ್ವೇಶಿಗಳ ಗಡ್ಡ ಬೋಳಿಸಿದರು. ಬಾಬಾರನ್ನು ಜೀಪಿನಲ್ಲಿ ಎಲ್ಲಿಗೋ ಕರೆದೊಯ್ದರು. ಕಟ್ಟಡ ತಂಬಾಕಿನ ಗೋದಾಮಾಯಿತು. ಕಿರಿಯ ದರ್ವೇಶಿಯೊಬ್ಬರಿಗೆ ಹೋಗಲು ಜಾಗವಿರಲಿಲ್ಲ. ಸಂಜೆ ಮುದುಕರ ತಾಯಿ ಹೋಗಿ ಅವರನ್ನು ಮನೆಗೆ ಕರೆತಂದಳು. ದೂರದ ಊರಿನಿಂದ ಬಂದ ಸಂಬಂಧಿ ಎಂದು ಎಲ್ಲರಿಗೂ ಹೇಳಿದಳು. ಮಕ್ಕಳಿಗೆ, ‘ಇವರು ನಿಮ್ಮ ಚಿಕ್ಕಪ್ಪ. ಹೆಚ್ಚು ಪ್ರಶ್ನೆ ಕೇಳಬೇಡಿ’ ಎಂದಳು.

‘ಅವರ ಕಿವಿಯಲ್ಲಿ ತೂತಿತ್ತು’ ಎಂದರು ಮುದುಕರು. ‘ಗಂಡಸಿನ ಕಿವಿಯಲ್ಲಿ ತೂತು ಯಾಕೆ ಎಂದು ನನ್ನ ತಂಗಿ ಕೇಳಿದಳು. ಅಮ್ಮ ಅವಳಿಗೆ ಹೊಡೆದಳು. ಅಮ್ಮ ನಮಗೆ ಹೊಡೆದದ್ದು ಅದೊಂದೇ ಸಲ.’

ಅಷ್ಟು ಹೇಳಿ ಎದ್ದರು. ಮುಂದಿನ ಭಾನುವಾರಗಳಲ್ಲಿ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹಳೆಯ ಕಾಲದ ಇಂಗ್ಲಿಷ್ ಪದಗಳ ಬಗ್ಗೆ, ಕೀನ್ಯಾದ ಚುನಾವಣೆಗಳ ಬಗ್ಗೆ, ತಾರಸಿಗೆ ಬಂದು ಕೂರುವ ದೊಡ್ಡ ಕೊಕ್ಕರೆಗಳ ಬಗ್ಗೆ ಮಾತಾಡಿದೆವು.

ಜುಲೈ ಬಂತು. ನೈರೋಬಿಯ ಜುಲೈ ಚಳಿ ಹೊಸಬರಿಗೆ ನಂಬಿಕೆಯಾಗುವುದಿಲ್ಲ. ಸೂರ್ಯನನ್ನೇ ಕಾಣದೆ ದಿನಗಳು ಕಳೆಯುತ್ತವೆ. ಒಂದು ಶನಿವಾರ ಮಧ್ಯಾಹ್ನ ನಾನು ಕಾರ್ಖಾನೆಯಿಂದ ಬಂದು ಊಟಕ್ಕೆ ಕೂರುವಷ್ಟರಲ್ಲಿ ಗೇಟಿನವನು ಬಾಗಿಲು ಬಡಿದ. ‘ಡಕ್ತಾರಿ! ಬೇಗ ಬನ್ನಿ, ಮ್ಜೇ ಬಿದ್ದಿದ್ದಾರೆ!’

ಅವರು ತಮ್ಮ ಬಾಗಿಲ ಮುಂದೆ ಗೋಡೆಗೊರಗಿ ಕುಳಿತಿದ್ದರು. ಮುಖ ಬಿಳಿಚಿತ್ತು, ತುಟಿ ಒಡೆದಿತ್ತು, ಗಡ್ಡ ಬೆಳೆದಿತ್ತು. ಅವರು ಗಡ್ಡ ಬಿಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. ಮಗಳು ಊರಿನಲ್ಲಿರಲಿಲ್ಲ, ಅವಳ ಫೋನು ಸಿಗಲಿಲ್ಲ. ನಾನೂ ಗೇಟಿನವನೂ ಅವರನ್ನು ಹಿಡಿದು ಇಳಿಸಿ, ಟ್ಯಾಕ್ಸಿ ಕರೆಸಿ, ಹರ್ಲಿಂಗ್‌ಹ್ಯಾಮ್‌ನ ಒಂದು ಕ್ಲಿನಿಕ್ಕಿಗೆ ಒಯ್ದೆವು.

ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನಾಡಿ ನೋಡಿ, ಬಿಪಿ ನೋಡಿ, ಚರ್ಮ ಚಿವುಟಿ ನೋಡಿ, ‘ಮೈಯಲ್ಲಿ ನೀರೇ ಇಲ್ಲ. ಬಿಪಿಗೆ ಅಂತ ಮೈಯ ನೀರು ಹೊರಹಾಕುವ ಮಾತ್ರೆ ಬೇರೆ ತಗೋತಿದ್ದಾರೆ. ಇವರು ನೀರು ಕುಡಿದು ಎಷ್ಟು ದಿನ ಆಯ್ತು?’ ಎಂದು ನನ್ನನ್ನು ಕೇಳಿದಳು.

ನನಗೆ ಗೊತ್ತಿರಲಿಲ್ಲ. ನರ್ಸು ಲೋಟದಲ್ಲಿ ನೀರು ತಂದು, ‘ಮ್ಜೇ, ನೀರು ಕುಡೀರಿ’ ಎಂದು ತುಟಿಗೆ ಹಿಡಿದಳು. ಮುದುಕರು ಮುಖ ತಿರುಗಿಸಿದರು.

‘ಮೇಡಂ, ದಯವಿಟ್ಟು ಕ್ಷಮಿಸಿ. ಮೊಹರಮ್ ತಿಂಗಳ ಮೊದಲ ಹತ್ತು ದಿನ ನಾನು ನೀರು ಕುಡಿಯುವುದಿಲ್ಲ.’

‘ಅಂದರೆ ಉಪವಾಸವಾ?’

‘ಊಟ ಮಾಡಬಹುದು. ನೀರು ಮಾತ್ರ ಇಲ್ಲ. ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗನಿಗೂ ಅವನ ಮನೆಯ ಮಕ್ಕಳಿಗೂ ನೀರು ಕೊಡಲಿಲ್ಲ. ಅದರ ದುಃಖಕ್ಕೆ.’

ಡಾಕ್ಟರು ನನ್ನ ಮುಖ ನೋಡಿದಳು. ‘ನೀವು ಮಗನಾ?’

‘ಅಲ್ಲ. ನೆರೆಮನೆಯವನು.’

‘ಬೇರೆ ಯಾರಿದ್ದಾರೆ?’

‘ಸದ್ಯಕ್ಕೆ ನಾನೇ’ ಎಂದೆ. ಅಂಥ ಪ್ರಶ್ನೆಗೆ ಉತ್ತರವಾಗಿ ಯಾರ ಪಾಲಿಗಾದರೂ ನಾನು ನಿಂತು ಬಹಳ ವರ್ಷವಾಗಿತ್ತು. ಅಮ್ಮನ ಆಸ್ಪತ್ರೆ ದಿನಗಳ ನಂತರ ಇದೇ ಮೊದಲು.

ಡ್ರಿಪ್ ಹಾಕಬಹುದೇ ಎಂದು ಡಾಕ್ಟರು ಕೇಳಿದಾಗ ಮುದುಕರು ಕಣ್ಣು ಮುಚ್ಚಿ ಯೋಚಿಸಿದರು. ‘ಸೂಜಿಯಿಂದ ಹೋಗುವುದನ್ನು ನಾಲಿಗೆ ಕುಡಿದ ಹಾಗಲ್ಲ. ಹಾಕಿ’ ಎಂದರು. ನರ್ಸಿಗೆ ನಗು ತಡೆಯಲಾಗಲಿಲ್ಲ. ತಾನೂ ಈಸ್ಟರಿಗೆ ಮುಂಚೆ ಚಹಾ ಬಿಡುತ್ತೇನೆ, ಆ ದಿನಗಳಲ್ಲಿ ತನ್ನ ಹತ್ತಿರ ಯಾರೂ ಸುಳಿಯುವುದಿಲ್ಲ ಎಂದಳು.

ಡ್ರಿಪ್ ಇಳಿಯುತ್ತಿದ್ದಾಗ ನಾನು ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದೆ. ಕಿಟಕಿಯಾಚೆ ಜನ ತುಂಬಿಕೊಂಡು ಓಡುವ ಮಟಾಟು ವ್ಯಾನುಗಳ ಹಾರ್ನು. ಆಗ ಅವರು ಉಳಿದದ್ದನ್ನು ಹೇಳಿದರು.

ಚಿಕ್ಕಪ್ಪ ಹಗಲು ಸಹಕಾರಿ ತೋಟದಲ್ಲಿ ದ್ರಾಕ್ಷಿ ಬಳ್ಳಿ ಸವರುತ್ತಿದ್ದರು. ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಊಟದ ಹೊತ್ತಿಗೆ ಸರಿಯಾಗಿ ಬೀದಿ ಬಾಗಿಲು ತೆಗೆದು ನಿಲ್ಲುತ್ತಿದ್ದರು. ತೆಕ್ಕೆಯಲ್ಲಿ ಅದೇ ಅವರ ಕೆಲಸವಾಗಿತ್ತಂತೆ: ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು, ಗುಡ್ಡದ ದಾರಿಯಲ್ಲಿ ಹೋಗುವವರನ್ನು ಒಳಗೆ ಕರೆಯುವುದು. ಗಡ್ಡ ಹೋಯಿತು, ಟೋಪಿ ಹೋಯಿತು, ಓಲೆ ಹೋಯಿತು, ಇದೊಂದು ಹೋಗಲಿಲ್ಲ. ಅಮ್ಮ ಒಳಗಿನಿಂದ, ‘ಬಾಗಿಲು ಹಾಕಿ, ಜನ ನೋಡುತ್ತಾರೆ’ ಎನ್ನುತ್ತಿದ್ದಳು. ಅವರು ಸ್ವಲ್ಪ ಹೊತ್ತು ನಿಂತು ಹಾಕುತ್ತಿದ್ದರು.

‘ನಮ್ಮ ಮನೆಗೆ ಯಾರೂ ಬರುತ್ತಿರಲಿಲ್ಲ, ಪ್ರಿಯ ನೆರೆಯವರೇ. ಆಗ ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲ. ಬಂದವನು ಹೊರಗೆ ಹೋಗಿ ಏನು ಹೇಳುತ್ತಾನೋ ಎಂದು ಭಯ. ಆದರೆ ಒಂದು ಚಳಿಗಾಲ, ಹಿಮ ಬೀಳುತ್ತಿತ್ತು. ಬೀದಿಯಲ್ಲಿ ಲಾರಿ ಕೆಟ್ಟು ನಿಂತಿತ್ತು. ಚಿಕ್ಕಪ್ಪ ಬಾಗಿಲು ತೆಗೆದರು. ಡ್ರೈವರನನ್ನು ನೋಡಿದರು. ಒಳಗೆ ಬನ್ನಿ, ರೊಟ್ಟಿ ಇದೆ ಎಂದರು. ಅಮ್ಮ ಒಲೆಯ ಮುಂದೆ ಕಲ್ಲಾದಳು. ಡ್ರೈವರ್ ಬಂದು ಕುಳಿತ. ಚಿಕ್ಕಪ್ಪ ತಮ್ಮ ಪಾಲಿನ ರೊಟ್ಟಿ, ತಮ್ಮ ಪಾಲಿನ ಸೂಪು ಅವನ ಮುಂದಿಟ್ಟು, ಅವನು ತಿನ್ನುವವರೆಗೆ ನಿಂತೇ ಇದ್ದರು. ಆ ದಿನ ಅವರ ಮುಖ ಹೇಗಿತ್ತು ಎಂದು ಹೇಳಲು ನನಗೆ ಇಂಗ್ಲಿಷಿನಲ್ಲಿ ಪದ ಗೊತ್ತಿಲ್ಲ.’

‘ಆಮೇಲೆ?’

‘ಕೆಲವು ದಿನಗಳ ನಂತರ ಪಕ್ಷದ ಸಮಿತಿಯವನೊಬ್ಬ ಬಂದ. ಆ ರಾತ್ರಿ ಯಾರು ಬಂದಿದ್ದರು, ಯಾಕೆ ಕರೆದಿರಿ, ಆತ ನಿಮಗೇನಾಗಬೇಕು ಎಂದು ಕೇಳಿದ. ಅಮ್ಮ ಹೇಗೋ ಸಂಭಾಳಿಸಿದಳು. ಅವನು ಹೋದ ಮೇಲೆ ಅವಳು ಚಿಕ್ಕಪ್ಪನ ಮುಂದೆ ಮಂಡಿಯೂರಿ ಕುಳಿತು, ನನಗೆ ಮಕ್ಕಳಿದ್ದಾರೆ ಎಂದು ಅತ್ತಳು. ಅಷ್ಟೇ. ಅಂದಿನಿಂದ ಅವರು ಬಾಗಿಲಿಗೆ ಹೋಗಲಿಲ್ಲ. ಗೋಡೆ ಕಡೆ ತಿರುಗಿ ಊಟ ಮಾಡುತ್ತಿದ್ದರು. ಪ್ರತಿ ವರ್ಷ ಹತ್ತು ದಿನ ನೀರು ಬಿಡುತ್ತಿದ್ದರು. ಯಾರಾದರೂ ಕೇಳಿದರೆ ಹೊಟ್ಟೆ ಹುಣ್ಣು, ಡಾಕ್ಟರು ಬೇಡವೆಂದಿದ್ದಾರೆ ಎನ್ನುತ್ತಿದ್ದರು. ನಾನು ಮೇಷ್ಟರಾದೆ, ಮದುವೆಯಾದೆ. ಅವರು ಹಿಂದಿನ ಕೋಣೆಯಲ್ಲೇ ಇದ್ದರು. ಕೊನೆಗೆ ಒಂದು ಮಾರ್ಚಿನಲ್ಲಿ ಸತ್ತರು. ಎಲ್ಲರನ್ನೂ ಹೂಳುವ ಹಾಗೆ ಹೂಳಿದೆವು, ಒಂದು ಮಾತೂ ಓದಲಿಲ್ಲ. ಅದಾಗಿ ಸ್ವಲ್ಪ ಕಾಲಕ್ಕೆ ಸರ್ಕಾರ ಬಿತ್ತು, ತೆಕ್ಕೆಗಳ ಬೀಗ ತೆಗೆದರು.’

ಅವರು ಆಮೇಲೆ ಗುಡ್ಡಕ್ಕೆ ಹೋಗಿ ನೋಡಿದ್ದರಂತೆ. ಗೋಡೆಗಳಲ್ಲಿ ಇನ್ನೂ ತಂಬಾಕಿನ ವಾಸನೆ. ಊರವರು ಸೇರಿ ಸೂರು ಹೊದಿಸುತ್ತಿದ್ದರು. ‘ನಾನು ಭಕ್ತನಲ್ಲ’ ಎಂದರು. ‘ನನಗೆ ಪ್ರಾರ್ಥನೆಗಳು ಗೊತ್ತಿಲ್ಲ. ಶಾಲೆಯಲ್ಲಿ ದೇವರಿಲ್ಲ ಎಂದು ನಾನೇ ಪಾಠ ಮಾಡಿದ್ದೇನೆ. ಆದರೆ ಅವರು ಹೇಗೆ ಇದ್ದರು ಎಂದು ಗೊತ್ತಿರುವವರು ಈಗ ಯಾರೂ ಉಳಿದಿಲ್ಲ. ಅದಕ್ಕೇ ನೀರು ಬಿಡುತ್ತೇನೆ.’

ಆ ಸಂಜೆ ಅವರನ್ನು ನನ್ನ ಮನೆಗೇ ಕರೆತಂದೆ. ನೀರಲ್ಲದ್ದು ಏನಾದರೂ ಆಗಬಹುದೇ ಎಂದು ಕೇಳಿದೆ. ಮೊಸರು ಕಡೆದದ್ದು ಆಗುತ್ತದೆ, ಚಿಕ್ಕಪ್ಪ ಅದನ್ನೇ ಕುಡಿಯುತ್ತಿದ್ದರು ಎಂದರು. ಇಲ್ಲಿ ಅಂಗಡಿಗಳಲ್ಲಿ ‘ಮಾಲಾ’ ಎಂದು ಹುಳಿಹಾಲಿನ ಪ್ಯಾಕೆಟ್ಟು ಸಿಗುತ್ತದೆ. ಅದನ್ನು ಕಡೆದು, ಉಪ್ಪು, ಚೂರು ಶುಂಠಿ ಹಾಕಿ ನಮ್ಮ ಮಜ್ಜಿಗೆಯಂತೆ ಮಾಡಿ ಕೊಟ್ಟೆ. ತೆಳ್ಳಗಾಗಲಿ ಎಂದು ನೀರು ಬೆರೆಸಲು ಹೋಗಿ ಕೈ ಹಿಂದೆಗೆದೆ. ಅವರು ಗಟ್ಟಿಯಾಗಿಯೇ ಲೋಟಗಟ್ಟಲೆ ಕುಡಿದರು. ಉಳಿದ ದಿನಗಳು ಹೀಗೇ ಕಳೆದವು. ನಾನು ಕಾರ್ಖಾನೆಗೆ ಹೋಗುವ ಮುಂಚೆ ಫ್ರಿಜ್ಜಿನಲ್ಲಿ ಇಟ್ಟು ಹೋಗುತ್ತಿದ್ದೆ. ಸಂಜೆ ಬಂದರೆ ಮನೆಯಲ್ಲಿ ದೀಪ ಉರಿಯುತ್ತಿರುತ್ತಿತ್ತು. ಬೇರೆಯವರು ಹಾಕಿದ ದೀಪಕ್ಕೆ ಮನೆಗೆ ಬರುವುದು ಹೇಗಿರುತ್ತದೆ ಎಂಬುದನ್ನೇ ನಾನು ಮರೆತಿದ್ದೆ.

ಹತ್ತು ದಿನ ಕಳೆದ ಮೇಲೆ ಆಶುರೆ ಮಾಡಬೇಕು ಎಂದರು. ಗೋಧಿ, ಕಾಳು, ಒಣದ್ರಾಕ್ಷಿ, ಅಂಜೂರ, ಅಕ್ರೋಟು ಎಲ್ಲ ಸೇರಿಸಿ ಬೇಯಿಸುವ ಸಿಹಿ. ನಾನು ಪಾರ್ಕ್‌ಲ್ಯಾಂಡ್ಸ್‌ನ ಗುಜರಾತಿ ಅಂಗಡಿಯಿಂದ ಇಡೀ ಗೋಧಿ ತಂದು ನೆನೆಹಾಕಿದೆ. ಗೋಧಿ ಹುಗ್ಗಿಯ ಅಭ್ಯಾಸದಲ್ಲಿ ಏಲಕ್ಕಿಗೆ ಕೈ ಹಾಕಿದಾಗ ಅವರು, ‘ಇಲ್ಲ, ದಾಲ್ಚಿನ್ನಿ!’ ಎಂದು ಮೇಷ್ಟರಂತೆ ಗದರಿದರು. ನನ್ನ ದೊಡ್ಡ ಕುಕ್ಕರ್ ಸಾಲದೆ ಅವರ ಮನೆಯ ಪಾತ್ರೆಯನ್ನೂ ತಂದೆವು. ಇಷ್ಟು ಯಾಕೆ, ನಾವಿಬ್ಬರೇ ಅಲ್ಲವೇ ಎಂದೆ.

‘ಇದನ್ನು ಮಾಡಿದವನು ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ. ನೆರೆಯವರಿಗೆಲ್ಲ ಹಂಚಬೇಕು.’

‘ನನಗೆ ಇಲ್ಲಿ ಯಾರೂ ಗೊತ್ತಿಲ್ಲ ಮ್ಜೇ.’

‘ನನಗೂ ಗೊತ್ತಿಲ್ಲ. ನಡೆಯಿರಿ.’

ನಾನು ತಟ್ಟೆ ಹಿಡಿದೆ, ಅವರು ಬಾಗಿಲು ಬಡಿದರು. ಮೇಲಿನ ಮಹಡಿಯಿಂದ ಶುರು. ಕೆಲವರು ಕಣ್ಣುಕಿಂಡಿಯಿಂದ ನೋಡಿ ತೆಗೆಯಲಿಲ್ಲ. ಒಬ್ಬ ಹುಡುಗಿ ಹೆಡ್‌ಫೋನು ಕಿವಿಯಲ್ಲಿಟ್ಟುಕೊಂಡೇ ‘ನೋ, ಥ್ಯಾಂಕ್ಸ್’ ಎಂದು ಬಾಗಿಲು ಹಾಕಿದಳು. ಪಕ್ಕದ ಮನೆಯ ಸೊಮಾಲಿ ಹೆಂಗಸು ಬಟ್ಟಲು ತೆಗೆದುಕೊಂಡು, ವಾಸನೆ ನೋಡಿ, ಕಣ್ಣು ತುಂಬಿಕೊಂಡು ಏನೋ ಆಶೀರ್ವಾದ ಮಾಡಿದಳು. ಎಷ್ಟೋ ವರ್ಷ ಒಂದೇ ಲಿಫ್ಟಿನಲ್ಲಿ ಕೆಳಗೆ ನೋಡಿಕೊಂಡು ನಿಂತವರ ಮನೆಗಳ ಒಳಗು ನನಗೆ ಕಂಡಿತು: ಯಾರದೋ ತೊಟ್ಟಿಲು, ಯಾರದೋ ಇಸ್ತ್ರಿ ಮೇಜು, ಗೋಡೆಯ ಮೇಲೆ ಯಾರದೋ ಪದವಿ ಫೋಟೊ.

ಕೆಳಗೆ ಎರಡನೇ ಮಹಡಿಯಲ್ಲಿ ಬಾಗಿಲು ತೆಗೆದ ಹೆಂಗಸಿನ ಕೊರಳಿನ ಕರಿಮಣಿ ನನ್ನ ಕಣ್ಣಿಗೆ ಬಿತ್ತು. ಮುದುಕರು ತಮ್ಮ ಇಂಗ್ಲಿಷಿನಲ್ಲಿ ನಿವೇದಿಸಿಕೊಂಡರು. ಅವಳು ನನ್ನನ್ನೇ ನೋಡಿ, ‘ನೀವು ಇಂಡಿಯಾದವ್ರಾ?’ ಎಂದು ಹಿಂದಿಯಲ್ಲಿ ಕೇಳಿದಳು. ಮೈಸೂರು ಎಂದೆ.

‘ಅಯ್ಯೋ ದೇವ್ರೇ! ನಾವು ಮಂಗ್ಳೂರು ಮಾರಾಯ್ರೆ! ಇದೇ ಬಿಲ್ಡಿಂಗಲ್ಲಿ ಇದ್ದದ್ದಾ ನೀವು? ನಮಗೆ ಗೊತ್ತೇ ಇಲ್ವಲ್ಲ!’ ಎಂದು ಒಳಗೆ ತಿರುಗಿ ತುಳುವಿನಲ್ಲಿ ಗಂಡನನ್ನು ಕೂಗಿದಳು. ಒಳಗಿನಿಂದ ಮಗನೊಬ್ಬ ಬಂದ. ‘ಅಂಕಲಿಗೆ ನಮಸ್ಕಾರ ಹೇಳು’ ಎಂದಳು. ಅವನು ಬಟ್ಟಲಿನೊಳಗೆ ಇಣುಕಿ, ‘ವಾಟ್ಸ್ ದಿಸ್?’ ಎಂದ. ನಾವು ಕೂರಲೇಬೇಕಾಯಿತು. ಮುದುಕರು ಅವರ ಸೋಫಾದಲ್ಲಿ ಕುಳಿತು, ಎಲ್ಲರೂ ತಿನ್ನುವುದನ್ನು ನೋಡುತ್ತ, ತಾವು ಮಾತ್ರ ಒಂದು ಲೋಟ ನೀರು ಕೇಳಿದರು. ನಿಧಾನವಾಗಿ, ಗುಟುಕು ಗುಟುಕಾಗಿ ಕುಡಿದರು.

ಉಳಿದ ಪಾತ್ರೆಯನ್ನು ಗೇಟಿನವನೂ ಅವನ ಗೆಳೆಯರೂ ಮುಗಿಸಿದರು. ‘ಡಕ್ತಾರಿ, ಇದು ಗಿಥೇರಿಗೆ ಸಕ್ಕರೆ ಹಾಕಿದ ಹಾಗಿದೆ. ಅಸಾಂಟೆ’ ಎಂದು ಅವನು ಥ್ಯಾಂಕ್ಸ್ ಹೇಳಿದ. ಗಿಥೇರಿ ಎಂದರೆ ಮೆಕ್ಕೆಜೋಳ, ಕಾಳು ಬೇಯಿಸಿ ಮಾಡುವ ಇಲ್ಲಿಯವರ ಊಟ.

ಇದರಿಂದ ನನ್ನ ಬದುಕೇ ಬದಲಾಯಿತು ಎಂದರೆ ಸುಳ್ಳಾಗುತ್ತದೆ. ಮಾರನೆಯ ದಿನ ಲಿಫ್ಟಿನಲ್ಲಿ ಒಂದೆರಡು ಮುಗುಳ್ನಗೆ, ಆಮೇಲೆ ಮತ್ತೆ ಎಲ್ಲರೂ ಫೋನು ನೋಡಿಕೊಂಡು ನಿಂತರು. ಮಂಗಳೂರಿನವರು ಒಂದೆರಡು ಸಲ ಕರೆದು ನೀರುದೋಸೆ ಹಾಕಿದರು. ಅವರ ಮನೆಯಲ್ಲಿ ‘ಪಾಪ’ ಎಂಬ ಮಾತು ಬರಲಿಲ್ಲ, ಅದು ನನಗೆ ಹಿಡಿಸಿತು. ಆದರೆ ವರ್ಷದೊಳಗೆ ಗಂಡನಿಗೆ ಕಂಪಾಲಾಕ್ಕೆ ವರ್ಗವಾಗಿ ಹೊರಟುಹೋದರು.

ಮುದುಕರ ಮಗಳು ಕ್ಲಿನಿಕ್ಕಿನ ವಿಷಯ ತಿಳಿದು ಹೆದರಿದಳು. ನನ್ನ ಮನೆಗೆ ಬಂದು, ಕೈ ಹಿಡಿದುಕೊಂಡು ಬಹಳ ಹೊತ್ತು ಕುಳಿತಳು. ‘ನಾನು ಜಗತ್ತಿನವರಿಗೆಲ್ಲ ನೀರು ಹಂಚಲು ಹೋಗ್ತೀನಿ. ಇವರು ಇಲ್ಲಿ ನೀರಿಲ್ಲದೆ ಬಿದ್ದಿದ್ದರು’ ಎಂದಳು. ಅವಳಿಗೆ ಬೇರೆ ದೇಶಕ್ಕೆ ವರ್ಗವಾಗುವುದಿತ್ತು. ಅಪ್ಪನನ್ನು ಇನ್ನೊಂದು ಪರದೇಶಕ್ಕೆ ಎಳೆದುಕೊಂಡು ಹೋಗುವುದು ಬೇಡವೆಂದು, ಊರಿನಲ್ಲಿರುವ ಅವರ ತಂಗಿಯ ಮನೆಯಲ್ಲಿ ಬಿಡಲು ತೀರ್ಮಾನಿಸಿದಳು. ಕಿವಿಯ ತೂತಿನ ಬಗ್ಗೆ ಕೇಳಿ ಏಟು ತಿಂದ ಅದೇ ತಂಗಿ.

ವಿಮಾನ ನಿಲ್ದಾಣ ನಮ್ಮ ಕಾರ್ಖಾನೆಗೆ ಹತ್ತಿರ. ಅವರು ಹೊರಟ ದಿನ ಅರ್ಧ ದಿನ ರಜೆ ಹಾಕಿ ಹೋದೆ. ಅವರು ಅದೇ ಕೋಟು ಹಾಕಿದ್ದರು. ದೊಡ್ಡ ಮಾತೇನೂ ಆಡಲಿಲ್ಲ. ‘ಪ್ರಿಯ ನೆರೆಯವರೇ, ನಿಮ್ಮ ಮಾತ್ರೆಗಳು ಕಾಯುತ್ತಿರುತ್ತವೆ, ಹೋಗಿ’ ಎಂದರು. ಆಮೇಲೆ ತಾವೇ ಹೋಗದೆ, ಸೆಕ್ಯುರಿಟಿ ಬಾಗಿಲ ಹತ್ತಿರ ಜನಕ್ಕೆ ಅಡ್ಡವಾಗಿ ನಿಂತು, ನನ್ನನ್ನು ತಬ್ಬಿಕೊಂಡರು. ಮಗಳು ಟ್ರಾಲಿ ಹಿಡಿದು ಕಾದಳು. ನಾನು ಕಾರ್ಖಾನೆಗೆ ಹೋಗಿ ಆ ಮಧ್ಯಾಹ್ನದ ಬ್ಯಾಚುಗಳನ್ನು ಪರೀಕ್ಷಿಸಿದೆ. 

ಸಂಜೆ ಮನೆಗೆ ಬಂದಾಗ ಮೇಲಿನ ಮಹಡಿಯಿಂದ ಕುರ್ಚಿ ಎಳೆಯುವ ಸದ್ದು ಕೇಳುತ್ತದೇನೋ ಎಂದು ಬಹಳ ಹೊತ್ತು ಕಾದೆ. ಅಷ್ಟು ದಿನ ಅದು ನನಗೆ ಕೇಳಿಸುತ್ತಿತ್ತು ಎಂಬುದೇ ಆಗ ತಿಳಿಯಿತು. ತಿಂಗಳಾದ ಮೇಲೆ ಅಲ್ಲಿಗೆ ಹೊಸಬರು ಬಂದರು. ಅವರ ಮನೆಯ ಸದ್ದು ಬೇರೆ.

ಅವರು ಭಾನುವಾರ ಫೋನು ಮಾಡುತ್ತಿದ್ದರು. ಹಬ್ಬಗಳಲ್ಲಿ ಗುಡ್ಡದ ತೆಕ್ಕೆಗೆ ಹೋಗುತ್ತೇನೆ, ಅಲ್ಲಿ ಹೊಸ ಬಾಬಾ ಇದ್ದಾರೆ, ಬರುವವರ ಕೈಯಲ್ಲೆಲ್ಲ ಕ್ಯಾಮೆರಾ ಎಂದು ಹೇಳಿದರು. ಚಿಕ್ಕಪ್ಪನ ಸಮಾಧಿಯ ಮೇಲೆ ಯಾರಿಂದಲೋ ಎರಡು ಮಾತು ಓದಿಸಿದೆ ಎಂದರು. ಕ್ರಮೇಣ ಫೋನು ಕಡಿಮೆಯಾಯಿತು. ಕಿವಿ ಮಂದವಾಗಿತ್ತು, ನಾನು ಕಿರುಚಿ ಹೇಳಬೇಕಾಗುತ್ತಿತ್ತು. ಇಂಗ್ಲಿಷ್ ವಾಕ್ಯಗಳು ನಡುವೆ ಮುರಿಯತೊಡಗಿದವು. ಪದ ಸಿಗದೆ ನಿಂತಾಗ ಅವರಿಗೆ ನಾಚಿಕೆಯಾಗುತ್ತಿತ್ತು, ಮೇಷ್ಟರಲ್ಲವೇ.

ಹೋದ ತಿಂಗಳು ಅವರ ತಂಗಿಯ ನಂಬರಿನಿಂದ ಕರೆ ಬಂತು. ನಾನು ‘ಮ್ಜೇ’ ಎಂದೆ. ಅವರು ತಮ್ಮ ಭಾಷೆಯಲ್ಲಿ ಮಾತಾಡತೊಡಗಿದರು. ಇಂಗ್ಲಿಷ್ ಒಂದು ಪದವೂ ಇರಲಿಲ್ಲ. ದನಿ ಮಾತ್ರ ಅದೇ, ನಿಧಾನ, ಒಂದೊಂದು ವಾಕ್ಯವೂ ಪೂರ್ತಿ. ಏನನ್ನೋ ವಿವರವಾಗಿ ಹೇಳುತ್ತಿದ್ದರು, ನಡುವೆ ಒಮ್ಮೆ ನಕ್ಕರು. ಅರ್ಥವಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಲು ನನಗೆ ಮನಸ್ಸು ಬರಲಿಲ್ಲ. ಅವರು ಮುಗಿಸಿ ಸುಮ್ಮನಾದಾಗ, ನನ್ನ ಸರದಿ ಎಂದು ತಿಳಿದು ನಾನು ಕನ್ನಡದಲ್ಲಿ ಶುರುಮಾಡಿದೆ. ಇವತ್ತು ಹುರುಳಿಕಾಳು ಸಾರು ಮಾಡಿದ್ದೆ, ಉಪ್ಪು ಜಾಸ್ತಿಯಾಯಿತು ಎಂದೆ. ಬೆನ್ನುನೋವಿಗೆ ಹರ್ಲಿಂಗ್‌ಹ್ಯಾಮ್‌ಗೆ ಹೋಗಿದ್ದೆ ಎಂದೆ. ಅಕ್ಕನ ಮಗಳ ಮದುವೆ ಗೊತ್ತಾಗಿದೆ, ಊರಿಗೆ ಹೋಗಬೇಕು, ಹೋದರೆ ಅದೇ ಪ್ರಶ್ನೆಗಳು ಎಂದೆ. ಅವರು ‘ಪೊ, ಪೊ’ ಎನ್ನುತ್ತ ಕೇಳಿಸಿಕೊಂಡರು. ಅವರ ಭಾಷೆಯಲ್ಲಿ ಅದು ‘ಹೌದು’. ಅಷ್ಟೊಂದು ಮಾತು ನಾನು ಯಾರ ಹತ್ತಿರವೂ ಒಟ್ಟಿಗೆ ಆಡಿರಲಿಲ್ಲ. ಕೊನೆಗೆ ಆ ಕಡೆ ಯಾವುದೋ ಹೆಂಗಸಿನ ದನಿ ಕೇಳಿಸಿತು, ಊಟಕ್ಕೆ ಕರೆದಳೇನೋ, ಮತ್ತು ಫೋನು ನಿಂತಿತು.